ಆರಕ್ಷರದ ಅಡ್ಡಿ

ಆ ಸೋಮವಾರ ಸಂಜೆ ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನೇ ಮನೆಯ ಮುಂದಿನ ಅಲುಗಾಡುವ ಚಪ್ಪಡಿ ಅಮ್ಮನ ಎಡಗಾಲಿನ ಕೆಳಗೆ ಮಗುಚಿಕೊಳ್ಳಬಹುದಿತ್ತು. ಫುಟ್‌ಪಾತಿಗೆ ಅಡ್ಡ ನಿಲ್ಲಿಸಿದ ಸ್ಕೂಟರಿನ ಹ್ಯಾಂಡಲ್ಲಿಗೆ ಅವಳ ಸೆರಗು ಸಿಕ್ಕಿಕೊಳ್ಳಬಹುದಿತ್ತು. ಜಲ್ಲಿ ರಾಶಿಯ ಮೇಲೆ ಊರುಗೋಲು ಜಾರಬಹುದಿತ್ತು. ಹೊಂಗೆಮರದ ಬೇರು, ಎಳನೀರು ಬುರುಡೆ, ಸಿಗ್ನಲ್ ತಪ್ಪಿಸಲು ಫುಟ್‌ಪಾತಿನ ಮೇಲೆಯೇ ಬಂದು ಹಿಂದಿನಿಂದ ಹಾರ್ನ್ ಹೊಡೆಯುವ ಬೈಕು, ಮೂಲೆಮನೆಯ ಹತ್ತಿರ ಮಲಗುವ, ಊರುಗೋಲು ಕಂಡರೆ ಆಗದ ಕಂದುಬಣ್ಣದ ನಾಯಿ. ಇದ್ದಕ್ಕಿದ್ದಂತೆ ಮಳೆ ಬರಬಹುದಿತ್ತು. ಬಿಪಿ ಇಳಿಯಬಹುದಿತ್ತು, ಏರಲೂಬಹುದಿತ್ತು. ಒಣಗಿದ ತೆಂಗಿನ ಗರಿಯೊಂದು ಎಷ್ಟೋ ದಿನದಿಂದ ಕಾಯುತ್ತಿದ್ದು ಅದೇ ಹೊತ್ತಿಗೆ ಕಳಚಿಕೊಳ್ಳಬಹುದಿತ್ತು. ಭೂಕಂಪವನ್ನೂ ನಾನು ಯೋಚಿಸಿದ್ದೆ. ಹೆಂಡತಿ ನಗುತ್ತಾಳೆಂದು ಪಟ್ಟಿಯಲ್ಲಿ ಬರೆದಿರಲಿಲ್ಲ, ಅಷ್ಟೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ, ತೀರ ಸಣ್ಣದು.

ನಾನು ವಿಮಾ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿದ್ದೇನೆ. ಬೇರೆಯವರ ಕೆಟ್ಟ ದಿನಗಳ ಫೈಲುಗಳನ್ನು ಓದುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತಾರು ವರ್ಷ ಇದನ್ನೇ ಓದಿದವನಿಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದಿಲ್ಲ, ಗ್ಯಾಸ್ ಸಿಲಿಂಡರ್ ಸಿಲಿಂಡರಾಗಿ ಕಾಣುವುದಿಲ್ಲ. ಜಯನಗರದ ನಮ್ಮ ಮನೆಯಲ್ಲಿ ನಾವು ಮೂವರು: ಅಮ್ಮ, ಹೆಂಡತಿ, ನಾನು. ನನ್ನ ಕಳವಳವನ್ನೂ ಸೇರಿಸಿದರೆ ನಾಲ್ವರು ಎಂದು ಹೆಂಡತಿ ಹೇಳುತ್ತಾಳೆ.

ಅಮ್ಮನಿಗೆ ಎಪ್ಪತ್ತನಾಲ್ಕು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ದಿನಾ ಸಂಜೆ ಐದೂವರೆಗೆ ಪಾರ್ಕಿಗೆ ಹೋಗುತ್ತಿದ್ದಳು. ಅಲ್ಲಿ ಹಿಂದಿನ ಗೇಟಿನ ಬಳಿ ಒಂದು ಕಲ್ಲುಬೆಂಚು. ಅದರ ಮೇಲೆ ಅಮ್ಮನೂ ಸೇರಿ ನಾಲ್ವರು ನಿವೃತ್ತ ಮೇಡಂಗಳು. ಇಂಗ್ಲಿಷ್ ಪೇಪರಿನ ಪದಬಂಧವನ್ನು ಬೆಳಿಗ್ಗೆ ಮನೆಯಲ್ಲಿ ಯಾರೂ ಮುಟ್ಟಕೂಡದು, ಸಂಜೆ ನಾಲ್ವರೂ ಸೇರಿಯೇ ತುಂಬಬೇಕು ಎಂಬುದು ಬೆಂಚಿನ ಕಟ್ಟಳೆ. ಅಡ್ಡ ಸಾಲುಗಳು ಅಮ್ಮನವು. ತುಂಬುವಾಗ ಫೋನು ಎತ್ತುವಂತಿಲ್ಲ.

ಹೋದ ವರ್ಷ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ರಸ್ತೆಯಲ್ಲಲ್ಲ, ಬಚ್ಚಲುಮನೆಯ ಬಾಗಿಲಲ್ಲಿ. ಜಾರದಿರಲಿ ಎಂದು ನಾನೇ ತಂದು ಹಾಸಿದ್ದ ರಬ್ಬರ್ ಮ್ಯಾಟಿನ ಅಂಚು ಸುರುಟಿಕೊಂಡಿತ್ತು, ಅದಕ್ಕೆ ಎಡವಿದಳು. ಈ ಮಾತನ್ನು ಆಗ ಮನೆಯಲ್ಲಿ ಯಾರೂ ನನ್ನೆದುರು ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆಪರೇಷನ್ ಆಯಿತು, ವಾಕರ್ ಬಂತು, ವಾಕರ್ ಹೋಗಿ ಊರುಗೋಲು ಬಂತು. ಆ ಐದು ತಿಂಗಳಲ್ಲಿ ನಾನು ಮನೆಯ ನೆಲದಿಂದ ಮ್ಯಾಟುಗಳನ್ನೆಲ್ಲ ಎತ್ತಿಸಿದೆ, ಆಮೇಲೆ ಬೇರೆ ಬೇರೆ ವಸ್ತುಗಳನ್ನು ತಂದಿಟ್ಟೆ. ಅಮ್ಮ ಎದ್ದರೆ ಸದ್ದಾಗಲಿ ಎಂದು ಅವಳ ಕೋಣೆಯ ಬಾಗಿಲಿಗೆ ಅಡ್ಡ ಒಂದು ಪ್ಲಾಸ್ಟಿಕ್ ಸ್ಟೂಲು. ಹಿತ್ತಲಿಗೆ ಇಳಿಯದಿರಲಿ ಎಂದು ಅಲ್ಲೊಂದು ಕುರ್ಚಿ. ಗೇಟಿಗೆ ಮೇಲುಗಡೆ, ಅವಳ ಕೈಗೆ ಎಟುಕದ ಎತ್ತರದಲ್ಲಿ, ಹೊಸ ಚಿಲಕ. ಸಂಜೆ ಆಫೀಸಿನಿಂದ ಬಂದು ಅವಳ ತೋಳು ಹಿಡಿದು ಕಾಂಪೌಂಡಿನೊಳಗೇ ಹತ್ತು ಸುತ್ತು ಹಾಕಿಸುತ್ತಿದ್ದೆ.

ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಒಂದು ದಿನ ಇದನ್ನು ನೋಡಿದಳು.

“ಅಂಕಲ್, ನೀವು ಅಮ್ಮನ್ನ ನಡೆಸ್ತಿಲ್ಲ. ಅರೆಸ್ಟ್ ಮಾಡಿ ಸ್ಟೇಷನ್ನಿಗೆ ಕರ್ಕೊಂಡ್ ಹೋಗ್ತಿದೀರ.”

ಅಂಕಲ್ ಎಂದದ್ದಕ್ಕೆ ಒಂದು, ಅರೆಸ್ಟ್ ಎಂದದ್ದಕ್ಕೆ ಒಂದು, ಎರಡು ಕಡೆ ನೋವಾಯಿತು. “ಬಿದ್ರೆ ಏನು ಗತಿ?” ಎಂದೆ.

“ಕಾಲು ರೆಡಿ ಇದೆ. ಇನ್ನು ಒಬ್ರೇ ಹೊರಗೆ ನಡೀಲೇಬೇಕು. ಈಗ ಭಯ ಕೂತ್ಕೊಂಡ್ಬಿಟ್ರೆ ಆಮೇಲೆ ಯಾವ ಎಕ್ಸರ್‌ಸೈಜೂ ಅದನ್ನ ಎಬ್ಬಿಸಲ್ಲ. ನಾನು ಎಷ್ಟು ಜನರನ್ನ ನೋಡಿದೀನಿ. ಕಾಲು ಸರಿ ಇರತ್ತೆ, ಮನೆ ಬಿಟ್ಟು ಬರಲ್ಲ.”

ಅಮ್ಮ ನಾನು ಹಿಡಿದಿದ್ದ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಅಲ್ಲಿ ನನ್ನ ನಾಲ್ಕು ಬೆರಳಿನ ಗುರುತು ಕೆಂಪಗಿತ್ತು.

ಬೆಂಚಿನ ಗೆಳತಿಯರು ಮನೆಗೆ ಬಂದು ನೋಡುತ್ತೇವೆಂದರೆ ಅಮ್ಮ ಒಪ್ಪುತ್ತಿರಲಿಲ್ಲ. “ಮನೆಗೆ ಬಂದ್ರೆ ರೋಗಿನ ನೋಡೋಕೆ ಬಂದ ಹಾಗೆ ಹಣ್ಣು ತರ್ತಾರೆ. ನಾನೇ ಬರ್ತೀನಿ ಅಂದಿದೀನಿ,” ಎನ್ನುತ್ತಿದ್ದಳು. ಅವರು ಬೆಂಚಿನ ಎಡತುದಿಯಲ್ಲಿ ಅವಳ ಜಾಗ ಹಾಗೇ ಬಿಟ್ಟಿದ್ದರು. ಪದಬಂಧದಲ್ಲಿ ಸಿಕ್ಕಿಹಾಕಿಕೊಂಡಾಗ ಮಾತ್ರ ಕಟ್ಟಳೆ ಮುರಿದು ಫೋನು ಮಾಡುತ್ತಿದ್ದರು.

ಒಂದು ಭಾನುವಾರ ಸಂಜೆ ಹಾಗೆ ಫೋನು ಬಂತು. ಅಮ್ಮ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. “ದಾರಿಗೆ ಅಡ್ಡ ಬರೋದು, ತಡೆಯೋದು. ಕ್ರಿಯಾಪದ. ಆರಕ್ಷರ.”

“ಹಿಂಡರ್,” ಎಂದೆ ನಾನು, ಬೆರಳಲ್ಲಿ ಎಣಿಸಿ.

“ಮೂರನೇದು ಪಿ ಅಂತೆ.”

“ಥ್ವಾರ್ಟ್. ಅದೂ ಆರು.”

“ಪಿ ಅಂದ್ನಲ್ಲೋ. ಅಡ್ಡಿಗೆ ನಿನ್ನ ಹತ್ರ ಸ್ಟಾಕ್ ಬೇಕಾದಷ್ಟಿದೆ ಬಿಡು.” ಆಮೇಲೆ ಫೋನಿಗೆ, “ಇಂಪೀಡ್. ಐ, ಎಂ, ಪಿ, ಇ, ಡಿ, ಇ. ಬರ್ಕೊಳಿ,” ಎಂದು ಇಟ್ಟಳು. ಅಷ್ಟಕ್ಕೇ ಸುಮ್ಮನಾಗಲಿಲ್ಲ. “ಆ ಡಿಕ್ಷನರಿ ಇಳಿಸು,” ಎಂದಳು.

ನಿವೃತ್ತಿಯ ದಿನ ಸ್ಕೂಲಿನವರು ಕೊಟ್ಟ ದಪ್ಪ ನಿಘಂಟು ಅದು, ಕಂದು ಕಾಗದದ ಹೊದಿಕೆಯದು. ನನ್ನ ಕೈಯಲ್ಲೇ ಓದಿಸಿದಳು, ಒಂಬತ್ತನೇ ಕ್ಲಾಸಿನ ಹುಡುಗನಿಗೆ ಓದಿಸುವ ಹಾಗೆ. ಅಡ್ಡಿಪಡಿಸು ಎಂಬ ಅರ್ಥವಾದ ಮೇಲೆ ಮೂಲ ಕೊಟ್ಟಿತ್ತು. ಲ್ಯಾಟಿನ್ನಿನ ‘ಇಂಪೆಡೀರೆ’. ‘ಇನ್’ ಅಂದರೆ ಒಳಗೆ, ‘ಪೆಸ್’ ಅಂದರೆ ಕಾಲು. ಕಾಲಿಗೆ ಸಂಕೋಲೆ ತೊಡಿಸು.

“ಆ ಪೆಸ್ಸಿಗೂ ನಮ್ಮ ಪಾದಕ್ಕೂ ಒಂದೇ ಬೇರು,” ಎಂದಳು ಅಮ್ಮ. “ದಾಯಾದಿಗಳು. ಈಗ ಎಕ್ಸ್‌ಪಿಡೈಟ್ ತೆಗಿ.”

ತೆಗೆದೆ. ಅದೂ ಅದೇ ಕಾಲು. ಅಲ್ಲಿ ‘ಇನ್’ ಇದ್ದ ಜಾಗದಲ್ಲಿ ಇಲ್ಲಿ ‘ಎಕ್ಸ್’, ಹೊರಗೆ. ಸಿಕ್ಕಿಕೊಂಡ ಕಾಲನ್ನು ಬಿಡಿಸು. ಹಾಗಾಗಿ ಬೇಗ ಸಾಗುವಂತೆ ಮಾಡು.

ಇಪ್ಪತ್ತಾರು ವರ್ಷದಿಂದ ನಾನು ಫೈಲುಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತ ಬಂದಿರುವುದು ಅದೊಂದೇ: ‘ಪ್ಲೀಸ್ ಎಕ್ಸ್‌ಪಿಡೈಟ್’. ದಯವಿಟ್ಟು ಕಾಲು ಬಿಡಿಸಿ. ಯಾರ್ಯಾರಿಗೋ ಬರೆದಿದ್ದೇನೆ. ಮನೆಗೆ ಬಂದು ಸ್ಟೂಲು ಅಡ್ಡ ಇಟ್ಟಿದ್ದೇನೆ.

“ನಿನ್ನ ಮ್ಯಾಟಿಂದ ನಾನು ಬಿದ್ದಿದ್ದಲ್ಲ ಕಣೋ,” ಎಂದಳು ಅಮ್ಮ, ನನ್ನ ಮುಖ ನೋಡದೆ. “ಕನ್ನಡಕ ಹಾಕ್ಕೊಂಡಿರಲಿಲ್ಲ. ಅದು ನನ್ನ ತಪ್ಪು. ಅದಕ್ಕೆ ನೀನು ಐದು ತಿಂಗಳಿಂದ ನನಗೆ ಶಿಕ್ಷೆ ಕೊಡ್ತಾ ಇದೀಯ.” ನಿಘಂಟು ಮುಚ್ಚಿಸಿ ಹೇಳಿದಳು, “ಬರೋ ಸೋಮವಾರ ಪಾರ್ಕಿಗೆ ಹೋಗ್ತೀನಿ. ಒಬ್ಳೇ.”

ನಾಳೆಯೇ ಸೋಮವಾರವಲ್ಲವೇ ಎಂದು ಕ್ಯಾಲೆಂಡರಿನ ಕಡೆ ನೋಡಿದೆ. ಅವಳು ಹೇಳಿದ್ದು ಅದರ ಮುಂದಿನದು. ಎಂಟು ದಿನ ಇತ್ತು.

ಆ ರಾತ್ರಿಯೇ ಸ್ಟೂಲು ತೆಗೆದೆ. ಸುಮ್ಮನೆ ತೆಗೆದು ಕೂರುವ ಜಾತಿ ನನ್ನದಲ್ಲ. ಕಾಲು ಬಿಡಿಸುವುದೇ ಆದರೆ ಪೂರ್ತಿ ಬಿಡಿಸಬೇಕು ಎಂದು ಹಟ ಬಂತು. ಬೆಳಿಗ್ಗೆ ನೋಟ್‌ಬುಕ್ ಹಿಡಿದು ಗೇಟಿನಿಂದ ಬೆಂಚಿನವರೆಗೆ ನಡೆದೆ. ನನ್ನ ಲೆಕ್ಕದಲ್ಲಿ ನಾನೂರ ಅರವತ್ತು ಹೆಜ್ಜೆ, ಹನ್ನೊಂದು ಅಡ್ಡಿ. ಒಂದೊಂದಕ್ಕೂ ನಂಬರು ಹಾಕಿದೆ.

ಒಂದನೇ ನಂಬರು ಪಕ್ಕದ ಮನೆಯ ನಿವೃತ್ತ ಎಂಜಿನಿಯರ್ ಸಾಹೇಬರ ಸ್ಕೂಟರು. ಇಪ್ಪತ್ತು ವರ್ಷದಿಂದ ಅದು ಫುಟ್‌ಪಾತಿಗೆ ಅಡ್ಡ ನಿಂತಿದೆ. ನಾನು ಇಪ್ಪತ್ತು ವರ್ಷದಿಂದ ಅದನ್ನು ಬಳಸಿಕೊಂಡು ಹೋಗಿದ್ದೇನೆ, ನಮಸ್ಕಾರ ಸಾರ್ ಅಂದುಕೊಂಡು.

“ಸಾರ್, ಸ್ಕೂಟರ್ ಸ್ವಲ್ಪ ಬೇರೆ ಕಡೆ ಇಡಬೇಕಿತ್ತು.”

“ಯಾಕ್ರೀ, ಇಷ್ಟು ದಿನ ಇಲ್ದಿದ್ದು?”

“ಅಮ್ಮ ಸೋಮವಾರದಿಂದ ಒಬ್ರೇ ಓಡಾಡ್ತಾರೆ.”

“ಬಹಳ ಸಂತೋಷ. ಆದ್ರೆ ಎಲ್ಲಿಡ್ಲಿ ಹೇಳಿ. ತಲೆ ಮೇಲಾ?”

“ನಮ್ಮ ಗೇಟಿನ ಪಕ್ಕ ಇಡಿ ಸಾರ್. ಮಧ್ಯದಲ್ಲಿ ಬೇಡ. ಡಬ್ಬಲ್ ಸ್ಟ್ಯಾಂಡ್ ಹಾಕಿ, ಸೈಡ್ ಸ್ಟ್ಯಾಂಡ್ ಹಾಕಿದ್ರೆ ವಾಲುತ್ತೆ.”

“ವಾಲಿದ್ರೆ ಏನ್ರೀ?”

ವಾಲಿದರೆ ಏನೇನಾಗಬಹುದು ಎಂದು ನಾನು ಹೇಳತೊಡಗಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರು ಸ್ಕೂಟರನ್ನು ತಾವೇ ತಳ್ಳಿಕೊಂಡು ಬಂದು ನಿಲ್ಲಿಸಿ, ಡಬ್ಬಲ್ ಸ್ಟ್ಯಾಂಡ್ ಹಾಕಿ, ಒಳಗೆ ಹೋದರು.

ಹೊಸ ಮನೆ ಕಟ್ಟುತ್ತಿದ್ದ ಕಡೆ ಜಲ್ಲಿ ರಾಶಿ. ಮೇಸ್ತ್ರಿ, “ಶನಿವಾರ ಮೋಲ್ಡಿಂಗ್ ಇದೆ ಸಾರ್, ಜಲ್ಲಿ ತಾನಾಗೇ ಮೇಲಕ್ಕೆ ಹೋಗತ್ತೆ,” ಎಂದ. ನಾನು ಗುರುವಾರ ಕೇಳಿದೆ, ಶುಕ್ರವಾರ ಕೇಳಿದೆ, ಶನಿವಾರ ಆಫೀಸಿಗೆ ರಜೆ ಹಾಕಿ ಎದುರು ನಿಂತೆ. ತಾರಸಿ ಹಾಕಿ ಮುಗಿದ ಮೇಲೆ ಉಳಿದ ಜಲ್ಲಿಯನ್ನು ಅವನೇ ಗುಡಿಸಿ ತೆಗೆಸಿದ. “ನಿಮ್ಮಷ್ಟು ನಮ್ಮ ಓನರ್ರೂ ಬರಲ್ಲ ಸಾರ್,” ಎಂದ. ಹೊಗಳಿದ್ದೋ ಬೈದದ್ದೋ ಇವತ್ತಿಗೂ ಗೊತ್ತಿಲ್ಲ.

ಅಲುಗಾಡುವ ಚಪ್ಪಡಿಗೆ ಮೊಬೈಲಿನಲ್ಲಿ ದೂರು ಕೊಟ್ಟೆ. ದೂರು ದಾಖಲಾಗಿದೆ ಎಂಬ ಸಂದೇಶ ಬಂತು, ಅದರ ಹಿಂದೆ ಯಾರೂ ಬರಲಿಲ್ಲ. ಮೂರು ದಿನ ಕಾದು, ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ನಾನೇ ಚೂರುಕಲ್ಲು ಸೇರಿಸಿ, ಸುತ್ತ ಸಿಮೆಂಟು ಮೆತ್ತಿದೆ. ಅದರ ಮೇಲೆ ಎಂಟು ಸಲ ಕುಣಿದು ನೋಡಿದೆ. ಹಾಲು ತರಲು ಬಂದಿದ್ದ ಹೆಂಡತಿ ನೋಡಿದಳು.

“ವಾಕಿಂಗ್ ಅಂತ ಹೇಳಿ ಹೋದ್ರಲ್ರೀ.”

“ಇದೂ ವಾಕಿಂಗೇ.”

“ಮೊಣಕೈವರೆಗೂ ಸಿಮೆಂಟು. ಮುಂದೆ ಎಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಸರಿಮಾಡ್ತೀರಾ?”

ಬೇರನ್ನು ಕದಲಿಸಲು ಆಗುವುದಿಲ್ಲವಲ್ಲ, ಅದಕ್ಕೆ ಸುಣ್ಣ ಬಳಿದೆ, ದೂರದಿಂದಲೇ ಕಾಣಲಿ ಎಂದು. ಪಾರ್ಕಿನ ಮುಂದೆ ಎಳನೀರು ಮಾರುವವನಿಗೆ ಬುರುಡೆ ರಾಶಿಯ ಬಗ್ಗೆ ಹೇಳಿದ್ದೇ ತಡ, “ಮೇಡಂ ಬರ್ತಾರಾ? ಮೊದ್ಲೇ ಹೇಳೋದಲ್ವಾ ಅಣ್ಣ,” ಎಂದು ಗೋಣಿಚೀಲಕ್ಕೆ ತುಂಬತೊಡಗಿದ. ನಾಯಿಗೆ ದಿನಾ ಎರಡು ಬಿಸ್ಕತ್ತು ಹಾಕಿ ಸ್ನೇಹ ಸಂಪಾದಿಸಿದೆ. ಅದರಿಂದ ನಾಯಿ ಮೂಲೆ ಬಿಟ್ಟು ನನ್ನ ಕಾಲಿಗೆ ಸುತ್ತಿಕೊಂಡು ಮನೆಯವರೆಗೂ ಬರತೊಡಗಿತು. ಹನ್ನೊಂದರಲ್ಲಿ ಒಂದು ಅಡ್ಡಿ ಹೀಗೆ ಕಡಿಮೆಯಾಗದೆ ಬರೀ ಜಾಗ ಬದಲಾಯಿಸಿತು.

ಭಾನುವಾರ ರಾತ್ರಿ ಊಟದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಎಲ್ಲ ನಂಬರಿನ ಮುಂದೆಯೂ ಗೀಟು ಬಿದ್ದಿತ್ತು.

“ಮಗು ಹೊಸ್ತಿಲು ದಾಟಿದ ದಿನ ಮಾಡೋ ಹಾಗೆ ನಾಳೆ ಕಡುಬು ಮಾಡ್ಲಾ ಅತ್ತೆ?” ಎಂದಳು ಹೆಂಡತಿ.

“ಮಾಡಮ್ಮ. ಇವನಿಗೆ ಮಾತ್ರ ಕೊಡಬೇಡ. ಇವನಿನ್ನೂ ದಾಟಿಲ್ಲ,” ಎಂದಳು ಅಮ್ಮ.

ಸೋಮವಾರ ನಾನು ಮಧ್ಯಾಹ್ನವೇ ಮನೆಗೆ ಬಂದೆ. ಹೆಂಡತಿ ತಾನು ಕೆಲಸ ಮಾಡುವ ಶಾಲೆಯ ಮೀಟಿಂಗ್ ಮುಗಿಸಿ ಬರುವುದು ಏಳಕ್ಕೆ. ಅಮ್ಮ ನಾಲ್ಕೂವರೆಗೇ ತಲೆ ಬಾಚಿ, ನೀಲಿ ಅಂಚಿನ ಸೀರೆ ಉಟ್ಟು ಕುಳಿತಿದ್ದಳು. ಪಕ್ಕದಲ್ಲಿ ಬ್ಯಾಗು. ಅದನ್ನು ಎತ್ತಿ ನೋಡಿದೆ, ಭಾರವಿತ್ತು.

ಆಗ ನನಗೆ ನಿಘಂಟಿನ ಅದೇ ಪುಟದಲ್ಲಿ ಕಂಡ ಇನ್ನೊಂದು ಪದ ನೆನಪಾಯಿತು: ಇಂಪೆಡಿಮೆಂಟ. ಕಾಲಿಗೆ ತೊಡಕಾಗುವಂಥವು. ದಂಡಿನ ಜೊತೆ ಸಾಗುವ ಹೊರೆಗೂ, ಗಂಟುಮೂಟೆಗೂ ರೋಮನ್ನರು ಇಟ್ಟ ಹೆಸರು ಅದೇ. ಬೀದಿಯ ಅಡ್ಡಿಗಳನ್ನೆಲ್ಲ ತೆಗೆದವನು ಅಮ್ಮನ ಹೆಗಲಿಗೇ ಒಂದನ್ನು ತೂಗುಹಾಕಿ ಕಳಿಸುವುದೇ? ಬ್ಯಾಗು ಬಿಚ್ಚಿ ಮೇಜಿನ ಮೇಲೆ ಸುರಿದೆ. ಛತ್ರಿ, ಶಾಲು, ಏಲಕ್ಕಿ ಡಬ್ಬಿ, ಮೂರು ಪೆನ್ನು, ನೀರಿನ ಬಾಟಲಿ, ಆಮೇಲೆ ಅವಳ ಕೀ ಗೊಂಚಲು. ಗೊಂಚಲೆಂದರೆ ಮನೆಯ ಬಾಗಿಲಿನದು, ಗೇಟಿನದು, ಈಗಿಲ್ಲದ ಟ್ರಂಕುಗಳದು, ಅವಳ ಸ್ಕೂಲಿನ ಬೀರುವಿನದೂ ಇತ್ತೇನೋ. ಪೆನ್ನು ಒಂದು, ಫೋನು, ಕನ್ನಡಕ, ಅಷ್ಟನ್ನು ವಾಪಸು ಹಾಕಿದೆ.

“ಕೀ?” ಎಂದಳು ಅಮ್ಮ.

“ಅದೇ ಅರ್ಧ ಕೇಜಿ ಇದೆ. ಮನೇಲಿ ನಾನಿರ್ತೀನಲ್ಲ.”

“ಇರ್ತೀಯಾ? ಹಿಂದೆ ಬರಲ್ಲ?”

“ಬರಲ್ಲ.”

“ಆಣೆ?”

“ಆಣೆ.”

ಐದೂಕಾಲಿಗೆ ಹೊರಟಳು. ಗೇಟಿನ ಮೇಲಿನ ಚಿಲಕ ನಾನು ತೆಗೆದೆ. ಹೊರಗೆ ಒಂದು ಕ್ಷಣ ನಿಂತಳು. ಬೀದಿಯ ಉದ್ದವನ್ನು ನೋಡಿದಳು. ಊರುಗೋಲನ್ನು ಹಿಡಿದ ಬೆರಳು ಬಿಳಿಚಿಕೊಂಡಿದ್ದು ನನಗೆ ಕಂಡಿತು. ಭಯ ಅವಳಿಗೂ ಇತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಅಲ್ಲಿಯತನಕ ಅದು ಪೂರ್ತಿ ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ. “ಬೇಡ ಬಿಡಮ್ಮ, ನಾಳೆ ನೋಡೋಣ,” ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿದೆ. ಅಮ್ಮ ಎಡಗಾಲು ಮುಂದಿಟ್ಟಳು. ಆಮೇಲೆ ತಿರುಗಿ ನೋಡಲಿಲ್ಲ. ಚಪ್ಪಡಿ ದಾಟಿದಳು, ಸುಣ್ಣದ ಬೇರಿನ ಹತ್ತಿರ ನಿಧಾನಿಸಿ ಅದನ್ನೂ ದಾಟಿದಳು, ಮೂಲೆ ತಿರುಗಿದಳು. ನಾಯಿ ಗೇಟಿನ ಹತ್ತಿರ ನನ್ನ ಜೊತೆಗೇ ಕುಳಿತಿತ್ತು.

ಆರಕ್ಕೆ ಬರುತ್ತೇನೆಂದಿದ್ದಳು. ನಾನು ಆರರವರೆಗೂ ಆಣೆ ಉಳಿಸಿಕೊಂಡೆ. ಅದಕ್ಕಾಗಿ ಎರಡು ಸಲ ಕಾಫಿ ಮಾಡಿದೆ, ಒಂದನ್ನೂ ಕುಡಿಯಲಿಲ್ಲ. ಆರು ಐದಕ್ಕೆ ಫೋನು ಮಾಡಿದೆ, ಎತ್ತಲಿಲ್ಲ. ಬೆಂಚಿನ ಕಟ್ಟಳೆ ಎಂದು ಗೊತ್ತಿದ್ದೂ ಇನ್ನೊಂದು ಸಲ ಮಾಡಿದೆ. ಫೋನನ್ನು ಚಾರ್ಜಿಗೆ ಹಾಕಿ ಹಜಾರದಲ್ಲಿ ಓಡಾಡಿದೆ. ಆರು ಹತ್ತಾದಾಗ ನನ್ನೊಳಗಿನ ಕ್ಲೇಮು ಅಧಿಕಾರಿ ತೀರ್ಪು ಕೊಟ್ಟ: ಆಣೆ ಇದ್ದದ್ದು ಆರು ಗಂಟೆಯವರೆಗೆ, ಈಗ ಅವಧಿ ಮುಗಿದಿದೆ. ಚಪ್ಪಲಿ ಮೆಟ್ಟಿದೆ. ಬಾಗಿಲಿಗೆ ಬೀಗ ಹಾಕಿದೆ. ಗೇಟಿಗೂ ಹಾಕಿದೆ. ಎರಡನ್ನೂ ಮೂರು ಮೂರು ಸಲ ಜಗ್ಗಿದೆ. ಹತ್ತು ಹೆಜ್ಜೆ ಹೋಗಿ, ವಾಪಸು ಬಂದು, ಗೇಟಿನದನ್ನು ಇನ್ನೊಂದು ಸಲ ಜಗ್ಗಿದೆ.

ದಾರಿಯಲ್ಲಿ ಅಮ್ಮ ಸಿಗಲಿಲ್ಲ. ಚಪ್ಪಡಿ ಗಟ್ಟಿಯಾಗಿತ್ತು, ಜಲ್ಲಿ ಇರಲಿಲ್ಲ, ಬುರುಡೆ ಗೋಣಿಯಲ್ಲಿತ್ತು. ಬೆಂಚಿನ ಹತ್ತಿರ ಹೋದರೆ ಬೆಂಚು ಖಾಲಿ. ಪಾರ್ಕನ್ನು ಒಂದು ಸುತ್ತು ಓಡಿದೆ, ನನ್ನ ಹಿಂದೆ ನಾಯಿ ಓಡಿತು. ಎಳನೀರಿನವನು ಕರೆದ.

“ಯಾರನ್ನ ಹುಡುಕ್ತಿದೀರ ಅಣ್ಣ? ಮೇಡಂ ಆಗ್ಲೇ ಹಿಂದಿನ ಗೇಟಿಂದ ಹೋದ್ರು. ಜೊತೇಲಿ ಇನ್ನೊಬ್ರು ಮೇಡಂ ಇದ್ರು. ಅವರನ್ನ ಅವರ ಮನೆ ತನಕ ಬಿಟ್ಟು, ಆಚೆ ಕ್ರಾಸಲ್ಲಿ ಸುತ್ತಿ ಮನೆಗೆ ಹೋಗ್ತೀನಿ ಅಂತಿದ್ರು.”

“ಇವರು ಅವರನ್ನ ಬಿಡೋದಾ?”

“ಅವರಿಗೆ ಮಂಡಿ ನೋವಂತೆ,” ಎಂದ.

ನಾನು ಒಂದು ಗುಂಡಿಯನ್ನೂ ಮುಚ್ಚದ, ಒಂದು ನಂಬರನ್ನೂ ಹಾಕದ ಆಚೆ ಕ್ರಾಸಿನಲ್ಲಿ ಅಮ್ಮ ನಡೆದು ಹೋಗಿದ್ದಳು. ಅದೇ ದಾರಿ ಹಿಡಿದು ನಾನೂ ಓಡಿದೆ. ಅಲ್ಲಿ ಫುಟ್‌ಪಾತ್ ಎಂಬುದೇ ಇರಲಿಲ್ಲ. ಕೇಬಲ್ ಸುರುಳಿ, ಅಗೆದ ಮಣ್ಣು, ಸಾಲಾಗಿ ನಿಂತ ಕಾರು. ಅಮ್ಮ ಎಲ್ಲೂ ಬಿದ್ದಿರಲಿಲ್ಲ. ಒಂದು ಕಡೆ ಹಸಿ ಮಣ್ಣಿನ ಮೇಲೆ ಊರುಗೋಲಿನ ದುಂಡನೆಯ ಗುರುತುಗಳು ಮಾತ್ರ ಇದ್ದವು, ಒಂದರ ಮುಂದೊಂದು, ನೇರಕ್ಕೆ.

ನಮ್ಮ ಬೀದಿಗೆ ತಿರುಗಿದಾಗ ಕಂಡಳು. ಗೇಟಿನ ಪಕ್ಕದಲ್ಲಿ, ಎಂಜಿನಿಯರ್ ಸಾಹೇಬರ ಸ್ಕೂಟರಿನ ಸೀಟಿಗೆ ಒರಗಿ ನಿಂತಿದ್ದಳು. ಊರುಗೋಲು ಹ್ಯಾಂಡಲ್ಲಿಗೆ ನೇತುಹಾಕಿತ್ತು. ಕೈಯಲ್ಲಿ ಮಡಿಸಿದ ಪೇಪರು. ಡಬ್ಬಲ್ ಸ್ಟ್ಯಾಂಡ್ ಹಾಕಿದ್ದರಿಂದ ಸ್ಕೂಟರು ಅಲುಗುತ್ತಿರಲಿಲ್ಲ.

“ಎಷ್ಟು ಹೊತ್ತಾಯ್ತಮ್ಮ?” ಎಂದೆ, ಏದುಸಿರಿನಲ್ಲಿ.

“ಹದಿನೈದು ನಿಮಿಷ ಆಗಿರಬೇಕು. ನಿನಗೆ ಫೋನ್ ಮಾಡ್ದೆ. ಒಳಗಡೆ ಹೊಡ್ಕೋತಾ ಇತ್ತು, ಇಲ್ಲಿಂದ್ಲೇ ಕೇಳಿಸ್ಕೊಂಡೆ.”

“ದಾರೀಲಿ ಏನೂ ಆಗ್ಲಿಲ್ವಾ?”

“ದಾರೀಲಿ ಏನಾಗತ್ತೆ?” ಎಂದು ಕನ್ನಡಕದ ಮೇಲಿನಿಂದ ನನ್ನನ್ನೂ ನಾಯಿಯನ್ನೂ ನೋಡಿದಳು. “ಹೋದೆ. ಕೂತೆ. ಅಡ್ಡ ಸಾಲು ಪೂರ್ತಿ ನಾನೇ ಹಾಕಿದೆ. ಬಂದೆ. ಗೇಟಿಗೆ ಬೀಗ ಇತ್ತು.”

ಜೇಬಿನಿಂದ ಕೀ ತೆಗೆದು ಗೇಟು ತೆರೆದೆ, ಬಾಗಿಲು ತೆರೆದೆ. ಅವಳು ನನ್ನ ಕೈ ಹಿಡಿಯದೆ ಒಳಗೆ ಬಂದು, ಮೇಜಿನ ಮೇಲೆ ನಾನು ಸುರಿದಿದ್ದ ಸಾಮಾನುಗಳಲ್ಲಿ ಅರ್ಧ ಕೇಜಿಯ ಕೀ ಗೊಂಚಲನ್ನು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡಳು. ಬೇರೆ ಯಾವುದನ್ನೂ ತೆಗೆದುಕೊಳ್ಳಲಿಲ್ಲ.